ಬದುವಿನ ಮೇಲೆ ತೋಡಿದ ಕುಣಿ

"ಕೈ ಬಿಡ್ರಿ ದೊಡ್ಡವ್ವಾ! ಬಳಿ ಹಾಕಬ್ಯಾಡ್ರಿ ಅಂತ ಎಷ್ಟ ಸಲ ಹೇಳಬೇಕು?"

ಉಮಾಶ್ರೀ ನೀಲವ್ವನ ಮಣಿಕಟ್ಟು ಹಿಡಿದು ಎಳೆದಳು. ನೀಲವ್ವನ ಕೈಯಲ್ಲಿದ್ದ ಹಸಿರು ಬಳೆಗಳಲ್ಲಿ ಒಂದು ಪಟ್ಟನೆ ಒಡೆದು ತಾಯಿ ನಾಗರತ್ನಾಳ ಮಡಿಲಿಗೆ ಬಿತ್ತು. ಈ ಜಗಳಕ್ಕೂ ತನಗೂ ಸಂಬಂಧವಿಲ್ಲ ಎನ್ನುವ ಹಾಗೆ ನಾಗರತ್ನಾ ಗೋಡೆಗೆ ಒರಗಿ, ಗದ್ದಕ್ಕೆ ಬಟ್ಟೆ ಕಟ್ಟಿಸಿಕೊಂಡು ಕುಳಿತಿದ್ದಳು. ನಿನ್ನೆ ಸಂಜೆ ಯರಗಟ್ಟಿಯ ತನ್ನ ಹಿಟ್ಟಿನ ಗಿರಣಿಯಲ್ಲಿ ಯಾರದೋ ಜೋಳ ಸುರಿಯುತ್ತಿದ್ದವಳು ಎದೆ ಹಿಡಿದುಕೊಂಡು ಕುಸಿದಿದ್ದಳು. ದವಾಖಾನೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಬೆಳಗ್ಗೆ ಮೈ ತೊಳೆದರೂ ಕಿವಿಯ ಹಿಂದೆ ಇನ್ನೂ ಒಂದಿಷ್ಟು ಬಿಳಿ ಹಿಟ್ಟು ಉಳಿದಿತ್ತು.

"ಹೆಣದ ಮುಂದ ಹಸರ ಬಳಿ ಒಡದಿ ಏನವಾ! ನಿಮ್ಮಪ್ಪ ಇನ್ನೂ ಗಟ್ಟಿಮುಟ್ಟ ಅದಾನ. ಗಂಡ ಇದ್ದಾಗ ಸತ್ತಾಕಿ ಮುತ್ತೈದಿ. ಹಸರ ಸೀರಿ ಉಡಿಸಿ, ಉಡಿ ತುಂಬಿ, ಹಣಿತುಂಬ ಕುಂಕಮ ಹಚ್ಚಿ ಕಳಸಬೇಕು. ಇಂಥಾ ಪುಣ್ಯ ಯಾರಿಗೆ ಸಿಗತೈತಿ?"

"ಆಕಿಗೆ ಗಂಡ ಇಲ್ರಿ. ಕೋರ್ಟಿನ್ಯಾಗ ಸೋಡಚೀಟಿ ಆಗಿ ಎಷ್ಟೋ ವರ್ಷ ಆತು."

"ಕೋರ್ಟ ಏನ ಅಕ್ಕಿಕಾಳ ಹಾಕಿತ್ತೇನ ಲಗ್ನಕ್ಕ?"

ಸುತ್ತ ಕುಳಿತ ಹೆಂಗಸರಲ್ಲಿ ಇಬ್ಬರು ತಲೆ ಅಲ್ಲಾಡಿಸಿದರು. ಮುತ್ತೈದೆಯ ಹಣೆಯ ಕುಂಕುಮ ತೆಗೆದುಕೊಂಡು ತಮ್ಮ ಹಣೆಗೆ ಹಚ್ಚಿಕೊಳ್ಳಬೇಕೆಂದು ಅವರು ಬೆಳಗಿನಿಂದ ಕಾದಿದ್ದರು. ಉಮಾಶ್ರೀಗೆ ಮೈಯೆಲ್ಲ ಉರಿಯಿತು. ಈ ನೀಲವ್ವ, ಇವಳ ಗಂಡ ಸೋಮಪ್ಪ, ಸಂತೆಗೆಂದು ಯರಗಟ್ಟಿಗೆ ಬಂದರೂ ಈ ಓಣಿಯ ಕಡೆ ತಲೆ ಹಾಕಿದವರಲ್ಲ. ದಾರಿಯಲ್ಲಿ ಎದುರಾದರೆ ಮುಖ ತಿರುಗಿಸಿ ಹೋಗುತ್ತಿದ್ದವರು ಇವತ್ತು ತಮ್ಮೂರು ಸಂಪಗಾಂವದಿಂದ ಗಾಡಿ ತುಂಬ ಜನರನ್ನು ತುಂಬಿಕೊಂಡು, ಸೀರೆ, ಬಳೆ, ಹೂವಿನ ಹಾರ ಹಿಡಿದು ಬಂದಿದ್ದಾರೆ. ತಮ್ಮನ ಹೆಂಡತಿ ಎಂಬುದು ಅವಳು ಸತ್ತ ಮೇಲೆ ನೆನಪಾಯಿತು ಇವರಿಗೆ.

ಹೊರಗೆ ಕಟ್ಟೆಯ ಮೇಲೆ ಸೋಮಪ್ಪ ಜೋರಾಗಿ ಹೇಳುತ್ತಿದ್ದ: "ನಿಂಗರಾಜಾ, ನೀ ತವರಮನಿಯಾಂವ, ಸೀರಿ ತಂದಿ, ನಿನ್ನ ಕೆಲಸ ಮುಗೀತು. ಮಣ್ಣ ನಮ್ಮ ಹೊಲದಾಗ. ನನ್ನ ತಮ್ಮ ಕಲ್ಮೇಶನೂ ಬರಾಕ ಹತ್ಯಾನ. ಪೆರೋಲಿನ ಮ್ಯಾಲ ಬಿತ್ತಿಗಿಗೆ ಅಂತ ಬಂದಿದ್ದಾ, ದೇವರ ನಡಸಿದಂಗ ಆತು."

ನಾಗರತ್ನಾಳ ತಮ್ಮ ನಿಂಗರಾಜ ಏನಾದರೂ ಅಂದಾನೆಂದು ಉಮಾಶ್ರೀ ಕಿವಿಗೊಟ್ಟಳು. ಒಳ್ಳೆಯ ಮನುಷ್ಯ, ಆದರೆ ನಾಲ್ಕು ಜನ ಸೇರಿದರೆ ಬಾಯಿ ಕಟ್ಟಿಹೋಗುತ್ತಿತ್ತು.

*

ಬೈಲಹೊಂಗಲದಲ್ಲಿ ವಕೀಲ ಮಹಾಂತಪ್ಪನವರ ಮುಂದೆ ನಾಗರತ್ನಾ ಕುಳಿತಾಗ ಉಮಾಶ್ರೀ ಇನ್ನೂ ಸಾಲಿಯ ಹುಡುಗಿ. ಅಪ್ಪ ಕಲ್ಮೇಶನಿಗೆ ಜೀವಾವಧಿ ಶಿಕ್ಷೆಯಾಗಿತ್ತು. ಪಕ್ಕದ ಹೊಲದ ಹನುಮಪ್ಪ ಬದು ಒತ್ತಿದನೆಂದು ಜಗಳ ತೆಗೆದು, ಬೇವಿನ ಗಿಡದ ಬುಡದಲ್ಲಿ ಅವನನ್ನು ಸಲಿಕೆಯಿಂದ ಹೊಡೆದು ಕೊಂದಿದ್ದ. ಊರಿನಲ್ಲಿ ಅರ್ಧ ಜನ ಅದನ್ನು ಗಂಡಸುತನ ಎಂದೇ ಮಾತಾಡಿಕೊಂಡರು. ಕೊಂದವನಿಗೆ ಕ್ಷಮೆಯಿತ್ತು. ಅವನನ್ನು ಬಿಡುತ್ತೇನೆಂದು ಹೊರಟ ಹೆಂಡತಿಗೆ ಮಾತ್ರ ಊರಿನಲ್ಲಿ ನೀರು ಹುಟ್ಟಲಿಲ್ಲ.

"ಜೈಲಿಗೆ ಹ್ವಾದಾ ಅನ್ನೂದೊಂದ ಕಾರಣ ನಮ್ಮ ಲಗ್ನದ ಕಾಯ್ದೆದಾಗ ಇಲ್ಲ ತಂಗಿ," ಎಂದರು ಮಹಾಂತಪ್ಪ. "ನಿನಗ ಕ್ರೌರ್ಯ ಮಾಡ್ಯಾನ ಅಂತ ತೋರಸಬೇಕು. ಹೊಡೀತಿದ್ನೇನು?"

"ಇಲ್ರಿ."

"ಕುಡದು ಬೈಯೂದು? ಊಟಕ್ಕ ಹಾಕದ ಇರೂದು?"

"ಇಲ್ರಿ."

ಹೊಡೆದಿದ್ದರೆ ಎಷ್ಟು ಸಲೀಸಾಗುತ್ತಿತ್ತು ಎಂಬಂತೆ ವಕೀಲರು ಪೆನ್ನು ಕೆಳಗಿಟ್ಟರು. ಒಂದೆರಡು ಏಟು ಸೇರಿಸಿ ಹೇಳಿಬಿಡು ಎಂದೂ ಮೆಲ್ಲಗೆ ಸೂಚಿಸಿದರು. ನಾಗರತ್ನಾ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

"ಸುಳ್ಳ ಹೇಳಂಗಿಲ್ರಿ. ನನಗ ಹೊಡದಿಲ್ಲ. ಹನುಮಪ್ಪಗ ಹೊಡದ ಮನಿಗೆ ಬಂದಾ, ಹಿತ್ತಲದಾಗ ಕೈ ತೊಳಕೊಂಡಾ, ಊಟಕ್ಕ ನೀಡು ಅಂದಾ. ಬಿಸಿ ರೊಟ್ಟಿ ಬಡದ ಹಾಕಿದ್ನಿ. ಬದನಿಕಾಯಿ ಪಲ್ಯ ಚೊಲೊ ಆಗೇತಿ ಅಂತ ಮತ್ತೊಮ್ಮಿ ಹಾಕಿಸಿಕೊಂಡಾ. ಆಮ್ಯಾಲ ಮಲಗಿ ಗೊರಕಿ ಹೊಡದಾ. ಅಲ್ಲೆ ಹನುಮಪ್ಪನ ಹೆಣ್ತಿ ಕಂದೀಲ ಹಿಡಕೊಂಡು ಗಂಡನ್ನ ಹುಡಕತಿದ್ಲು. ನಮ್ಮ ಬಾಗಲಕ್ಕೂ ಬಂದು ಕೇಳಿದ್ಲರಿ. ನಮ್ಮನಿಯಾರು ಮಲಗ್ಯಾರ, ನಾಳೆ ಬಾ ಅಂದ್ನಿ. ಏನೂ ಹೇಳದ ನನ್ನ ಕೈಲೆ ನೀಡಿಸಿಕೊಂಡು, ನನ್ನ ಬಾಯಿಲೆ ಆಕೀನ ತಿರುಗಿ ಕಳಿಸಿದಾ. ಇದು ನಿಮ್ಮ ಕಾಯ್ದೆದಾಗ ಏನ ಅನಿಸಿಕೋತೈತೋ ನೀವ ಬರಕೋರಿ."

ಮಹಾಂತಪ್ಪ ಪೆನ್ನನ್ನು ಮತ್ತೆ ಎತ್ತಿಕೊಂಡರು. ಆ ಮಾತನ್ನೇ ಬರೆದುಕೊಂಡರು. ಅದನ್ನೇ ನಾಗರತ್ನಾ ಕೋರ್ಟಿನಲ್ಲಿ ಹೇಳಿದಳು. ತಾರೀಖಿನ ಮೇಲೆ ತಾರೀಖು ಬಿದ್ದು, ಕೊನೆಗೊಮ್ಮೆ ವಿಚ್ಛೇದನ ಸಿಕ್ಕ ದಿನ ಮಗಳಿಗೆ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಕೊಡಿಸಿ, ತಾನೂ ಬಾಯಿ ಸುಟ್ಟುಕೊಳ್ಳುತ್ತ ತಿಂದಳು. ಅವತ್ತಿನಷ್ಟು ಹೊಟ್ಟೆತುಂಬ ಅವಳು ತಿಂದದ್ದನ್ನು ಉಮಾಶ್ರೀ ಮತ್ತೆ ನೋಡಲಿಲ್ಲ.

*

ಕಲ್ಮೇಶ ಬಂದಾಗ ಭಜನೆಯವರು ತಾವಾಗಿಯೇ ದಾರಿ ಬಿಟ್ಟರು. ಬಿಳಿ ಧೋತರ, ಬಿಳಿ ಅಂಗಿ, ಕೆಂಪಾದ ಕಣ್ಣು. ಅಂಗೈಯಲ್ಲಿ ಅರಿಷಿಣ ಹಚ್ಚಿದ ದಾರಕ್ಕೆ ಪೋಣಿಸಿದ ತಾಳಿ. ಅವನನ್ನು ನೋಡಿ ಯಾರೋ ಅಯ್ಯೋ ಪಾಪ ಅಂದರು. ಆ ಮಾತು ಕೇಳಿ ಉಮಾಶ್ರೀಗೆ ಬರುತ್ತಿದ್ದ ಅಳುವೂ ನಿಂತುಹೋಯಿತು. ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಸರಿ ಉಮಾ. ಕಡೀ ಸಲ ಒಂದ ತಾಳಿ ಕಟ್ಟತೇನಿ."

"ಆಕಿ ತಗದ ಇಟ್ಟದ್ದನ್ನ ನೀವು ಕಟ್ಟಾಕ ಬರಂಗಿಲ್ಲ."

"ನಾ ಮಾಡಿದ್ದಕ್ಕ ನಾ ಜೈಲಿನ್ಯಾಗ ಅನುಭವಿಸಾಕ ಹತ್ತೇನಿ. ಇನ್ನೂ ಎಷ್ಟ ಅಂತ ಶಿಕ್ಷಾ ಕೊಡತೀರಿ ನೀವು ತಾಯಿ-ಮಗಳು?"

"ಹನುಮಪ್ಪಗ ಹೊಡದದ್ದಕ್ಕ ಜೈಲ ಆತು. ನಮ್ಮವ್ವನ ಕೈಲೆ ಊಟ ನೀಡಿಸಿಕೊಂಡದ್ದಕ್ಕ ಏನಾತು?"

ಮೂಲೆಯಲ್ಲಿದ್ದ ಸುಂದರವ್ವ, ನಾಗರತ್ನಾಳ ಹಡೆದವ್ವ, ಮೊಣಕಾಲು ಹಿಡಿದು ಎದ್ದಳು. ಗಂಡ ಸತ್ತ ಮೇಲೆ ಶುಭಕಾರ್ಯಗಳಲ್ಲಿ ಹಿಂದೆಯೇ ಕುಳಿತು ರೂಢಿಯಾದ ಮುದುಕಿ. ಮಗಳ ಹಣೆಗೆ ನೀಲವ್ವ ಆಗಲೇ ಹಚ್ಚಿದ್ದ ಕುಂಕುಮವನ್ನು ಸೆರಗಿನಿಂದ ಒರೆಸಿ, ವಿಭೂತಿಯ ಗಟ್ಟಿ ತೇಯ್ದು ಮೂರು ಬೆರಳಿನಿಂದ ಎಳೆದಳು.

"ಲಿಂಗಾ ಕಟ್ಟಿಸಿದಾಗ ನಾನ ಹಚ್ಚಿದ್ನಿ, ಈಗೂ ನಾನ ಹಚ್ಚತೇನಿ. ಇದಕ್ಕ ಗಂಡ ಬೇಕಾಗಂಗಿಲ್ಲ," ಎಂದಳು. ಕುಂಕುಮಕ್ಕೆ ಕಾದಿದ್ದವರು ಕೈ ಹಿಂದಕ್ಕೆಳೆದುಕೊಂಡರು.

ಆಗ ಸೋಮಪ್ಪ ಒಳಗೇ ಬಂದ. "ತಾಳಿ ಬ್ಯಾಡಂದ್ರ ಬಿಡ್ರಿ. ಆದ್ರ ಹೆಣಾ ನಮಗ ಕೊಡಬೇಕು. ಕುಣಿ ತೋಡಿಸೇವಿ. ತೋಡಿದ ಕುಣಿ ಖಾಲಿ ಬಿಡಾಕ ಬರಂಗಿಲ್ಲ, ಗೊತ್ತೈತಿಲ್ಲೊ? ಅದು ಮನ್ಯಾಗಿನ ಮತ್ತೊಂದ ಜೀವಾ ಕೇಳತೈತಿ."

ಜನ ಬೆಚ್ಚಿದರು. ಆ ಮಾತನ್ನು ತಳ್ಳಿಹಾಕುವ ಎದೆ ಅಲ್ಲಿ ಯಾರಿಗೂ ಇರಲಿಲ್ಲ. ನಿಂಗರಾಜ ಅಕ್ಕನ ಮಗಳ ಹತ್ತಿರ ಬಂದು ದನಿ ತಗ್ಗಿಸಿದ. "ಉಮಾ, ಸತ್ತಾಕಿಗೆ ಎಲ್ಲೆ ಮಣ್ಣಾದ್ರೇನವಾ? ನಮ್ಮಿಂದ ಒಂದ ಮನಿಗೆ ಕೇಡ ಆಗೂದು ಬ್ಯಾಡ."

"ಕೇಳದ ಯಾಕ ತೋಡಿದ್ರಂತ, ಮಾಮಾ?" ಉಮಾಶ್ರೀ ಸೋಮಪ್ಪನ ಕಡೆ ತಿರುಗಿದಳು. "ಎಲ್ಲೆ ತೋಡೀರಿ?"

"ಚೊಲೊ ಜಾಗಾ ಐತಿ. ಬೇವಿನ ಗಿಡದ ನೆಳ್ಳು. ಮ್ಯಾಲ ಕಲ್ಲಿನ ಗದ್ದಿಗಿನೂ ಕಟ್ಟಸತೇವಿ."

"ಬದುವಿನ ಮ್ಯಾಲೇನು?"

ಸೋಮಪ್ಪ ಹೂಂ ಎಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಹನುಮಪ್ಪ ಸತ್ತರೂ ಅವನ ಮಕ್ಕಳು ಆ ಬದುವಿಗಾಗಿ ಇನ್ನೂ ಓಡಾಡುತ್ತಿದ್ದರು. ಈಗ ಅಲ್ಲೊಂದು ಗದ್ದುಗೆ ಎದ್ದರೆ ಮುಗಿಯಿತು. ಸರಕಾರಿ ಗಡಿಗಲ್ಲನ್ನಾದರೂ ರಾತ್ರೋರಾತ್ರಿ ಕಿತ್ತು ಸರಿಸಬಹುದು, ಮುತ್ತೈದೆಯ ಗದ್ದುಗೆಯನ್ನು ಮುಟ್ಟುವವರು ಯಾರು? ಇದಕ್ಕೆ ಬೇಕಾಗಿತ್ತು ಹಸಿರು ಸೀರೆ, ಇದಕ್ಕೆ ಬೇಕಾಗಿತ್ತು ತಾಳಿ.

"ಬದುವಿನ ಕಲ್ಲ ಮಾಡಾಕ ಬಂದೀರಿ ನಮ್ಮವ್ವನ್ನ!" ಅವಳ ಕೂಗಿಗೆ ಭಜನೆಯ ತಾಳ ನಿಂತಿತು. "ಹನುಮಪ್ಪನ ನೆತ್ತರ ಬಿದ್ದ ಜಾಗಾದಾಗ ಆಕೀನ ಕುಂದ್ರಿಸಿ ಹೊಲ ಉಳಿಸಿಕೋತೀರಿ? ಥೂ ನಿಮ್ಮ! ಕುಣಿ ಖಾಲಿ ಐತಿ ಅಂತ ಹೆದರಕಿ ಆಗಾಕ ಹತ್ತಿದ್ರ ನೀವ ಹೋಗಿ ಕುಂದರ್ರಿ!"

"ಉಮಾ, ನನಗ..." ಎಂದ ಕಲ್ಮೇಶ. ಗೊತ್ತಿರಲಿಲ್ಲ ಎನ್ನುವವನಿದ್ದನೋ ಏನೋ, ಅಣ್ಣನ ಮುಖ ನೋಡಿ ಸುಮ್ಮನಾದ. ಗೊತ್ತಿತ್ತು.

ನಿಂಗರಾಜ ನೀಲವ್ವನ ಕಾಲ ಬಳಿಯಿದ್ದ ಹಸಿರು ಸೀರೆಯನ್ನು, ಹಾರವನ್ನು ಎತ್ತಿ ಸೋಮಪ್ಪನ ಎದೆಗೆ ಒತ್ತಿದ. "ಗಾಡಿ ಹತ್ತ ಸೋಮಪ್ಪಾ. ಇನ್ನ ಒಂದ ಮಾತ ಆಡಿದ್ರ ನಾ ಮನಷ್ಯಾ ಆಗಿ ಉಳಿಯಂಗಿಲ್ಲ."

*

ಯರಗಟ್ಟಿಯ ರುದ್ರಭೂಮಿಯಲ್ಲಿ ಕುಣಿ ತಯಾರಾಗುವ ಹೊತ್ತಿಗೆ ಬಿಸಿಲು ಇಳಿದಿತ್ತು. ಸಂಪಗಾಂವದ ಗಾಡಿ ಹೋಗಿತ್ತು, ಕಲ್ಮೇಶ ಹೋಗಿರಲಿಲ್ಲ. ಹೆಣ ಕೂರಿಸಿ ಹೊತ್ತು ತಂದ ವಿಮಾನ ಇಳಿಸಿದರು. ಸಂಸ್ಕಾರಕ್ಕೆ ಬಂದಿದ್ದ ಅಯ್ಯನವರು ಕೇಳಿದರು: "ಕೆಳಗ ಇಳದು ಕುಂದ್ರಿಸಿಕೊಳ್ಳಾವ್ರು ಯಾರ್ರಿ? ಗಂಡಮಕ್ಕಳಿಲ್ಲಲ್ಲ ಆಕಿಗೆ."

ಕಲ್ಮೇಶ ಧೋತರ ಎತ್ತಿ ಕಟ್ಟಿಕೊಂಡು ಮುಂದೆ ಬಂದ. ಯಾರೂ ಬೇಡ ಎನ್ನಲಿಲ್ಲ. ಇಂಥ ಕೆಲಸಕ್ಕೆ ಒಬ್ಬ ಗಂಡಸು ಬೇಕು ಎಂಬುದು ಅಲ್ಲಿ ನಿಂತವರೆಲ್ಲರ ಮನಸ್ಸಿನಲ್ಲೂ ಇತ್ತು.

ಉಮಾಶ್ರೀ ವೇಲನ್ನು ಸೊಂಟಕ್ಕೆ ಬಿಗಿದು ಅವನಿಗಿಂತ ಮೊದಲು ಕುಣಿಯೊಳಗೆ ಜಿಗಿದಳು. ಮಣ್ಣು ಹಸಿಯಾಗಿತ್ತು. ಮೇಲಿಂದ ನಾಲ್ಕಾರು ಹೆಂಟೆ ಅವಳ ಹೆಗಲ ಮೇಲೆ ಉದುರಿದವು. ತಲೆ ಎತ್ತಿದರೆ ಅಂಚಿನಲ್ಲಿ ಅಪ್ಪನ ಪಾದ.

"ಕಾಲ ತಗೀರಿ," ಎಂದಳು. "ಮಣ್ಣ ಬೀಳಾಕ ಹತ್ತೇತಿ."

ಪಾದ ಹಿಂದಕ್ಕೆ ಸರಿಯಿತು. ಮಾಮ ಬಗ್ಗಿದ, ಆಯಿ ಸುಂದರವ್ವ ಬಗ್ಗಿದಳು. ಉಮಾಶ್ರೀ ಎರಡೂ ಕೈ ಮೇಲಕ್ಕೆ ಚಾಚಿದಳು. ತಾಯಿಯ ಭಾರ ಮೊದಲು ಅಂಗೈಗೆ ಬಂತು, ಆಮೇಲೆ ತೋಳಿಗೆ, ಆಮೇಲೆ ಎದೆಗೆ.