ಪಟ್ಟಿ ಬಿಚ್ಚುವ ಕೋಣೆಯ ಹೊಳೆ

ನಾನು ಒಂದು ಚಿತ್ರದ ನಕಲು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರೋ ಬಂದು, ಕನ್ನಡಕ ಸರಿಮಾಡಿಕೊಂಡು, "ಓ, ಇದು ಅಸಲಿ ಅಲ್ಲ" ಎಂದು ಮೂಗು ಮುರಿಯುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಅಸಲಿ ಚಿತ್ರ ಯುರೋಪಿನ ಯಾವುದೋ ಸಂಗ್ರಹಾಲಯದಲ್ಲಿದೆಯಂತೆ. ನಾನು ಅದರ ಮುಖ ನೋಡಿದವನಲ್ಲ. ನನ್ನ ಮೈಮೇಲಿರುವುದು ಹೊಳೆಯ ಒಂದು ತಿರುವು, ದಡದಲ್ಲಿ ನಾಲ್ಕಾರು ಎತ್ತರದ ಮರ, ಒಂದು ದೋಣಿ, ಬೆಳಗಿನ ಮಂಜು. ಇಂಪ್ರೆಷನಿಸ್ಟ್ ಎಂದು ಹೆಸರಾದ ಚಿತ್ರಕಾರರ ಪದ್ಧತಿಯೇ ಬೇರೆ. ಅವರು ಎಲೆಯನ್ನು ಎಲೆಯಾಗಿ, ನೀರನ್ನು ನೀರಾಗಿ ತಿದ್ದುತ್ತ ಕೂಡುವುದಿಲ್ಲ. ಬಣ್ಣವನ್ನು ಚುಕ್ಕೆಯಾಗಿ, ಗೀರಾಗಿ ಪಕ್ಕಪಕ್ಕದಲ್ಲಿಟ್ಟು ಎದ್ದು ಹೋಗುತ್ತಾರೆ. ಹತ್ತಿರದಿಂದ ನೋಡಿದರೆ ಬರೀ ಬಣ್ಣದ ರಾಡಿ. ದೂರ ನಿಂತು ನೋಡಿದರೆ ಹೊಳೆ ಹರಿಯುತ್ತದೆ. ನನ್ನ ಬದುಕಿನ ಗೋಳೆಲ್ಲ ಈ ಒಂದು ಮಾತಿನೊಳಗಿದೆ.

ನಾನು ಹುಟ್ಟಿದ್ದು ಅಲ್ಲಿನದೇ ಒಂದು ಮುದ್ರಣಾಲಯದಲ್ಲಿ. ನನ್ನಂಥ ಮುನ್ನೂರು ಜನರನ್ನು ಅಚ್ಚು ಹಾಕಿ, ಆಮೇಲೆ ಅಚ್ಚಿನ ಫಲಕವನ್ನೇ ಗೀಚಿ ಕೆಡಿಸಿಬಿಟ್ಟರು. ಇನ್ನೊಂದು ಪ್ರತಿ ಹುಟ್ಟಬಾರದು, ಅದಕ್ಕೇ. ದಪ್ಪ ಕಾಗದದ ಕೆಳಗಿನ ಅಂಚಿನಲ್ಲಿ ಒಬ್ಬ ಮುದುಕ ಪೆನ್ಸಿಲಿನಿಂದ ನಮಗೆಲ್ಲ ನಂಬರು ಬರೆದ. ಲಿಮಿಟೆಡ್ ಎಡಿಷನ್ ಅಂದರೆ ಅದೇ. ಗೋಡೆಗೆ ತೂಗುವ ಕ್ಯಾಲೆಂಡರಿನ ಜಾತಿ ನಮ್ಮದಲ್ಲ ಎಂದು ಆಗ ನನಗೆ ಬಹಳ ಹೆಮ್ಮೆಯಿತ್ತು. ನಂಬರಿಲ್ಲದ ಚಿತ್ರಗಳನ್ನು ಕಂಡರೆ ಅಯ್ಯೋ ಪಾಪ ಅನ್ನಿಸುತ್ತಿತ್ತು.

ರಬಕವಿಯ ಕಣ್ಣಿನ ಡಾಕ್ಟರ್ ವಿರೂಪಾಕ್ಷ ಕಡಕೋಳ ಅವರು ತರಬೇತಿಗೆಂದು ಆ ದೇಶಕ್ಕೆ ಬಂದಿದ್ದರು. ತಿರುಗಿ ಹೊರಡುವಾಗ ಅಲ್ಲಿನ ಗೆಳೆಯರು ನನ್ನನ್ನು ಕೊಂಡು ಅವರಿಗೆ ಉಡುಗೊರೆ ಕೊಟ್ಟರು. ಕೊಳವೆಯೊಳಗೆ ಸುರುಳಿಯಾಗಿ ಮಲಗಿ ನಾನು ವಿಮಾನ ಹತ್ತಿದೆ, ರೈಲು ಹತ್ತಿದೆ, ಕೊನೆಗೆ ಬಸ್ಸಿನ ಮೇಲಿನ ಹಲಗೆಯಲ್ಲಿ ಯಾರದೋ ಬುತ್ತಿಗಂಟಿನ ಪಕ್ಕ ಕುಲುಕುತ್ತ ಮಗ್ಗಗಳ ಆ ಊರಿಗೆ ಬಂದು ಇಳಿದೆ. ಬಸ್ಸು ನಿಂತರೂ ಸದ್ದು ನಿಲ್ಲಲಿಲ್ಲ. ಓಣಿ ಓಣಿಯಲ್ಲೂ ಮಗ್ಗ ಬಡಿದುಕೊಳ್ಳುತ್ತಿತ್ತು.

ನನಗೆ ಚೌಕಟ್ಟು ಕಟ್ಟಿದವನು ಬಜಾರದ ಮೌಲಾಸಾಬ. ಅವನ ಅಂಗಡಿಯ ಗೋಡೆ ತುಂಬ ದೇವರುಗಳು, ತೀರಿಹೋದ ಹಿರಿಯರು, ಹೊಸ ಮದುಮಕ್ಕಳು. ನನ್ನನ್ನು ಬಿಚ್ಚಿ ಹಲಗೆಯ ಮೇಲೆ ಹಾಸಿ ಅವನು ಬಹಳ ಹೊತ್ತು ನೋಡಿದ.

"ಸಾಹೇಬ್ರ, ದಾರ್ಯಾಗ ಮಳಿಗೆ ತೊಯ್ದೈತೇನ್ರಿ ಇದು? ಬಣ್ಣ ಎಲ್ಲಾ ಕಲಸಿಕೊಂಡೈತಿ" ಅಂದ.

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೌಲಾಸಾಬ ನಗಲಿಲ್ಲ. ಲಕ್ಷ್ಮಿಗೆ ಹಾಕುವ ಬಂಗಾರದಂಚಿನ ಕಟ್ಟನ್ನೇ ನನಗೂ ಹಾಕಿದ. ಸುತ್ತ ಬಿಳಿ ರಟ್ಟು ಕೂಡಿಸುವಾಗ ಪೆನ್ಸಿಲಿನ ನಂಬರು ಅದರ ಅಡಿಗೆ ಹೋಯಿತು. ನನಗಿದ್ದ ಒಂದೇ ಒಂದು ಹೆಮ್ಮೆ ಹೀಗೆ ಮುಚ್ಚಿಹೋಯಿತು. ಅಂದಿನಿಂದ ಈವರೆಗೆ ಅದನ್ನು ಯಾರೂ ನೋಡಿಲ್ಲ, ಕೇಳಿಯೂ ಇಲ್ಲ.

ಡಾಕ್ಟರು ಒಳ್ಳೆಯವರು. ಆದರೆ ಒಳ್ಳೆಯವರಿಗೂ ಒಮ್ಮೊಮ್ಮೆ ಬುದ್ಧಿ ಓಡುವುದಿಲ್ಲ. ತಮ್ಮ ಸಣ್ಣ ದವಾಖಾನೆಯಲ್ಲಿ ಅಷ್ಟೊಂದು ಗೋಡೆಗಳಿರುವಾಗ ಅವರು ನನ್ನನ್ನು ತೂಗಿದ್ದು ಪಟ್ಟಿ ಬಿಚ್ಚುವ ಕೋಣೆಯಲ್ಲಿ! ಪೊರೆ ತೆಗೆಸಿಕೊಂಡವರ ಕಣ್ಣಿನ ಪಟ್ಟಿಯನ್ನು ಮರುದಿನ ಬೆಳಿಗ್ಗೆ ಅಲ್ಲಿಯೇ ಬಿಚ್ಚುತ್ತಿದ್ದರು. ಕತ್ತಲೆಯಿಂದ ಹೊರಬಂದ ಕಣ್ಣಿಗೆ ಮೊದಲು ಒಂದು ಚೆಂದದ ವಸ್ತು ಕಾಣಲಿ ಎಂಬುದು ಅವರ ಆಸೆ. ಹಿರಿಯ ನರ್ಸ್ ಎಸ್ತರ್ ಬಾಯಿ, "ಸರ್, ಅಲ್ಲಿ ಒಂದು ದೇವರ ಫೋಟೋ ಹಾಕೂನ್ರಿ" ಎಂದು ಮೆಲ್ಲಗೆ ಹೇಳಿ ನೋಡಿದರು. ಡಾಕ್ಟರು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ನಡೆದದ್ದನ್ನು ನೀವೇ ಊಹಿಸಿ. ನೇಕಾರರು, ಗಾಣದವರು, ಶಾಲೆಯ ಮಾಸ್ತರರು, ಪಟ್ಟಿ ಬಿಚ್ಚಿಸಿಕೊಂಡವರೆಲ್ಲ ರೆಪ್ಪೆ ಬಡಿದು ಮೊದಲು ನೋಡುತ್ತಿದ್ದದ್ದು ನನ್ನನ್ನು, ಅದೂ ಆ ಇಕ್ಕಟ್ಟಿನ ಕೋಣೆಯಲ್ಲಿ ಹತ್ತಿರದಿಂದ. ನೋಡಿದವರ ಮುಖ ಕಪ್ಪಿಡುತ್ತಿತ್ತು. "ಮಸಕ್ ಮಸಕ್ ಕಾಣಾಕತ್ತೇತ್ರಿ!" ಎನ್ನುತ್ತಿದ್ದರು. ಡಾಕ್ಟರು ನಕ್ಕು, ತಮ್ಮ ಕೈ ತೋರಿಸಿ, ಬೆರಳು ಎಣಿಸಲು ಹೇಳಿ, ಕಿಟಕಿಯ ಹೊರಗಿನ ಹುಣಸೆಮರ ತೋರಿಸಿ, ಕಣ್ಣು ನೆಟ್ಟಗಿದೆ ಎಂದು ನಂಬಿಸುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಜನರ ಕಣ್ಣಿಗೆ ಬೆಳಕು ಬಂದ ಕ್ಷಣದಲ್ಲೇ ಅವರ ಎದೆ ಒಡೆಯುವ ಕೆಲಸ ನನ್ನದು. ನನಗೂ ಬೇಸರವಾಗುತ್ತಿತ್ತು. ಬಾಯಿದ್ದರೆ "ಯಪ್ಪಾ, ಕೆಟ್ಟದ್ದು ನಿನ್ನ ಕಣ್ಣಲ್ಲ, ನನ್ನ ರೂಪವೇ ಹೀಗೆ" ಎಂದು ಕೂಗಿ ಹೇಳುತ್ತಿದ್ದೆ.

ಒಂದು ದಿನ ಶಾವಂತ್ರೆವ್ವನ ಪಟ್ಟಿ ಬಿಚ್ಚಿದರು. ಗಂಡ ಸತ್ತ ಮೇಲೆ ಮಗ್ಗದ ಕಂಡಿಕೆಗೆ ನೂಲು ಸುತ್ತಿ ಮನೆ ನಡೆಸಿದ ಹೆಂಗಸು ಅವಳು. ಗಟ್ಟಿ ದನಿ, ಗಟ್ಟಿ ಮನಸ್ಸು. ಬಲಗಣ್ಣಿನ ಪೊರೆ ತೆಗೆದಿದ್ದರು, ಎಡಗಣ್ಣಿನದು ಬಾಕಿಯಿತ್ತು. ನನ್ನನ್ನು ನೋಡಿದ್ದೇ ತಡ, ಎದೆ ಎದೆ ಬಡಿದುಕೊಂಡಳು.

"ಬರೇ ಚಿಕ್ಕಿ ಚಿಕ್ಕಿ ಕಾಣತಾವಲ್ಲೋ ಯಪ್ಪಾ! ನನ್ನ ಕಣ್ಣ ಹೋತೋ!"

ಯಾರು ಹಿಡಿದರೂ ನಿಲ್ಲದೆ ಹೊರಗಿನ ಪಡಸಾಲೆಗೆ ಓಡಿದಳು. ಅಲ್ಲಿ ಆಪರೇಷನ್ನಿಗೆಂದು ಕೂತವರ ನಡುವೆ ನಿಂತು ಅತ್ತಳು. ಅವಳ ಅಳು ಕೇಳಿ ಕೆಲವರು ಚೀಲ ಎತ್ತಿಕೊಂಡು ಮನೆಯ ದಾರಿ ಹಿಡಿದರು. ಸಂಜೆಯೊಳಗೆ ಅವಳಿಗೇ ಗೊತ್ತಾಯಿತು, ಕಣ್ಣು ಚೆನ್ನಾಗಿದೆ, ಸೂಜಿಯ ಕಣ್ಣೂ ಕಾಣುತ್ತದೆ ಎಂದು. ಆದರೆ ಎದೆಯಲ್ಲಿ ಕೂತ ಹೆದರಿಕೆ ಕೂತೇಬಿಟ್ಟಿತು. "ಒಂದು ಸಾಕ್ರಿ ನನಗ, ಇನ್ನೊಂದಕ್ಕ ಕೈ ಹಚ್ಚಬ್ಯಾಡ್ರಿ" ಎಂದು ಕೈಮುಗಿದು ಹೋದವಳು ವರುಷಗಟ್ಟಲೆ ಆ ಕಡೆ ತಲೆ ಹಾಕಲಿಲ್ಲ.

ಮರುದಿನವೇ ಎಸ್ತರ್ ಬಾಯಿ ನನ್ನನ್ನು ಮೊಳೆಯಿಂದ ಇಳಿಸಿದರು. ಸರಸ್ವತಿಯ ಕ್ಯಾಲೆಂಡರೊಂದು ನನ್ನ ಜಾಗಕ್ಕೆ ಬಂತು. ನನಗೆ ಅವಮಾನವಾಯಿತು ಎಂದುಕೊಂಡಿರಾ? ಇಲ್ಲ, ದೊಡ್ಡ ಭಾರ ಇಳಿದ ಹಾಗಾಯಿತು.

ಡಾಕ್ಟರು ನನ್ನನ್ನು ತಮ್ಮ ಕೋಣೆಯಲ್ಲಿ, ಕುರ್ಚಿಯ ಎದುರಿನ ಗೋಡೆಗೆ ಹಾಕಿಕೊಂಡರು. ಅದು ನನ್ನ ನೆಮ್ಮದಿಯ ಕಾಲ. ಸಂಜೆ ಕೊನೆಯ ರೋಗಿ ಹೋದ ಮೇಲೆ ಅವರು ಚಹಾದ ಕಪ್ಪು ಹಿಡಿದು ನನ್ನ ಕಡೆ ನೋಡುವರು. ಕುರ್ಚಿಯಿಂದ ನಾನು ಅವರಿಗೆ ಬಣ್ಣದ ಗೀರುಗಳಾಗಿಯೇ ಕಾಣುತ್ತಿದ್ದೆ. ಎದ್ದು, ಹಿಂದಿನ ಬಾಗಿಲಿನವರೆಗೆ ಹೋಗಿ, ತಿರುಗಿ ನಿಂತು, ಕಣ್ಣು ಸ್ವಲ್ಪ ಕಿರಿದು ಮಾಡಿ, "ಹಾಂ, ಈಗ ಕೂಡಿತು" ಎನ್ನುವರು. ದಿನವೂ ಅದೇ ಆಟ, ದಿನವೂ ಅದೇ ಮಾತು. ಯಾರಾದರೂ ಕೇಳಿದರೆ ಉಮೇದಿನಿಂದ ವಿವರಿಸುವರು: "ಪೊರೆ ಬಂದ ಕಣ್ಣಿಗೆ ಈ ಪಟ ಛಲೋ ಕಾಣತೈತಿ, ಗೀರು ಕಾಣಂಗಿಲ್ಲ, ಎಲ್ಲಾ ಕೂಡಿಕೊಂಡಬಿಡತೈತಿ. ಕಣ್ಣು ಸ್ವಚ್ಛ ಆತು ಅಂದ್ರ ಪಟ ಕೆಡತೈತಿ."

ಅವರ ತಲೆ ನರೆಯಿತು. ನನ್ನ ನೀಲಿಯೂ ಬಿಳಿಚಿತು. ಯಾವಾಗಿನಿಂದಲೋ ಅವರು ಬಾಗಿಲಿನವರೆಗೆ ನಡೆಯುವುದನ್ನು ಬಿಟ್ಟರು. ಕೂತಲ್ಲಿಂದಲೇ ನನ್ನನ್ನು ನೋಡಿ, "ಎಂಥಾ ಹೊಳಿ!" ಎನ್ನತೊಡಗಿದರು. ಇಷ್ಟು ವರ್ಷ ನೋಡಿ ನೋಡಿ ಕೊನೆಗೂ ಇವರಿಗೆ ನಾನು ಒಲಿದೆ ಎಂದುಕೊಂಡು ಹಿಗ್ಗಿದೆ. ಅದೇ ದಿನಗಳಲ್ಲಿ ಚಹಾ ಬಸಿಯ ಹೊರಗೆ ಬೀಳುತ್ತಿತ್ತು. ಮೇಜಿನ ದೀಪಕ್ಕೆ ಹೊಸ ಬಲ್ಬು, ಅದರ ಮೇಲೆ ಇನ್ನೂ ದೊಡ್ಡ ಬಲ್ಬು ಬರುತ್ತಿತ್ತು. "ಈಗಿನ ಬಲ್ಬಿಗೆ ಬೆಳಕೇ ಇಲ್ಲ" ಎಂದು ಡಾಕ್ಟರು ಬೈಯುವರು. ಚೆಲ್ಲಿದ ಚಹಾವನ್ನು ಎಸ್ತರ್ ಬಾಯಿ ಒರೆಸುವರು. ಆಪರೇಷನ್ ದಿನಗಳಲ್ಲಿ ಅವರ ಮುಖ ಬಾಡಿರುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಸೊಸೆಯ ಕೈ ಹಿಡಿದುಕೊಂಡು ಶಾವಂತ್ರೆವ್ವ ಬಂದಳು. ಮುದುಕಿಯಾಗಿದ್ದಳು. ಮಗ್ಗದ ಲಾಳಿ ಹಾರಿ ಬಡಿದು, ನೆಟ್ಟಗಿದ್ದ ಬಲಗಣ್ಣೇ ಹೋಗಿತ್ತು. ಉಳಿದದ್ದು ಎಡಗಣ್ಣು ಒಂದೇ, ಅದರಲ್ಲಿ ಹಳೆಯ ಪೊರೆ. ಇದೂ ಹೋದರೆ ಅವಳಿಗೆ ಹಗಲಿಲ್ಲ.

"ಮಿರಜದ ದೊಡ್ಡ ದವಾಖಾನಿಗೆ ಹೋಗು ಅಂತಾನ ಮಗ" ಎಂದಳು, ಡಾಕ್ಟರ ಪಕ್ಕದ ಸ್ಟೂಲಿನ ಮೇಲೆ ಕೂತು. "ನಾ ಒಲ್ಲೆ ಅಂದೆ. ನಿಮ್ಮ ಕೈಗುಣ ನನಗ ಗೊತ್ತೈತಿ. ಆವತ್ತು ಸುಳ್ಳ ಅತ್ತು ನಿಮ್ಮ ಹೆಸರ ಕೆಡಿಸಿದೆ. ಈಗ ನೀವ ಮಾಡಬೇಕ್ರಿ."

ಡಾಕ್ಟರ ಮುಖ ಅರಳಿತು. ಅವಳ ಕಣ್ಣಿಗೆ ದೀಪ ಹಿಡಿದು ನೋಡಿದರು, ಬಾಗಿ ಬಾಗಿ ಮತ್ತೆ ನೋಡಿದರು. ನಾಳೆ ಬೆಳಿಗ್ಗೆಯೇ ಮಾಡಿಬಿಡೋಣ ಎಂದರು. ತಟ್ಟೆ ಹಿಡಿದಿದ್ದ ಎಸ್ತರ್ ಬಾಯಿ ಗಕ್ಕನೆ ಡಾಕ್ಟರ ಮುಖ ನೋಡಿದರು. ನನಗೆ ಆಗಲೂ ಏನೂ ಹೊಳೆದಿರಲಿಲ್ಲ.

ಶಾವಂತ್ರೆವ್ವ ಗೋಡೆಯತ್ತ ಮುಖ ಎತ್ತಿದಳು. ನನ್ನನ್ನು ನೋಡಿದಳು.

"ಆ ಹಾಳ ಪಟ ತೆಗೆದು ಬ್ಯಾರೆ ತಂದೀರೇನ್ರಿ? ಇದು ಛಲೋ ಐತಿ. ಹೊಳಿ ಐತಿ, ಗಿಡ ಅದಾವು."

"ಅದ ಪಟ ಐತಿ ಯವ್ವಾ" ಎಂದು ಡಾಕ್ಟರು ನಕ್ಕರು. "ಪೊರೆ ಬಂದ ಕಣ್ಣಿಗೆ ಇದು..."

ನಗು ಮುಖದ ಮೇಲೆಯೇ ಉಳಿದಿತ್ತು, ಆದರೆ ಅದರಲ್ಲಿ ಜೀವವಿರಲಿಲ್ಲ. ಅವರು ಕೂತಲ್ಲಿಂದಲೇ ನನ್ನನ್ನು ನೋಡಿದರು. ಹೊಳೆ ಕೂಡಿಕೊಂಡೇ ಕಾಣುತ್ತಿತ್ತು. ಎದ್ದು ನನ್ನ ಕಡೆ ನಡೆದು ಬಂದರು. ಬರುತ್ತ ಬರುತ್ತ ಮೂಗು ಗಾಜಿಗೆ ತಾಗಿತು. ಅವರ ಉಸಿರಿನಿಂದ ಗಾಜು ಮಂಜಾಯಿತು, ತೋಳಿನಿಂದ ಒರೆಸಿ ಮತ್ತೆ ಹುಡುಕಿದರು. ಗೀರುಗಳೆಲ್ಲ ನನ್ನ ಮೈಮೇಲೆ ಇದ್ದಲ್ಲೇ ಇದ್ದವು. ಒಂದೂ ಅವರ ಕಣ್ಣಿಗೆ ಬೀಳಲಿಲ್ಲ. ಆಗ ನನಗೆ ಎಲ್ಲ ತಿಳಿಯಿತು. ನಾನು ಅವರಿಗೆ ಒಲಿದದ್ದಲ್ಲ. ಅವರ ಕಣ್ಣು ಸೋತದ್ದು. ನನ್ನ ಹಿಗ್ಗಿಗೆ ನಾನೇ ಹೇಸಿದೆ.

ತಿರುಗಿ ಬಂದು ಕುರ್ಚಿಯಲ್ಲಿ ಕುಸಿದರು. ಯಂತ್ರ ಕೆಟ್ಟಿದೆ ಎನ್ನಬಹುದಿತ್ತು, ಔಷಧ ಬಂದಿಲ್ಲ ಎನ್ನಬಹುದಿತ್ತು. ಯಾರು ಪ್ರಶ್ನೆ ಮಾಡುತ್ತಿದ್ದರು?

"ನಾಳೆ ನಾ ಮಾಡಂಗಿಲ್ಲವ್ವಾ."

"ಯಾಕ್ರೀ? ಅವತ್ತಿನ ಸಿಟ್ಟ ಇನ್ನಾ ಐತೇನ್ರಿ ನನ್ನ ಮ್ಯಾಲ?"

"ಸಿಟ್ಟಲ್ಲ ಬೇ. ಆ ಪಟ..." ಡಾಕ್ಟರು ಗೋಡೆಯ ಕಡೆ ಕೈ ತೋರಿಸಿದರು. "ನನಗೂ ಛಲೋ ಕಾಣಾಕತ್ತೈತಿ."

ಶಾವಂತ್ರೆವ್ವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಎಸ್ತರ್ ಬಾಯಿ ಮಾತ್ರ ತಟ್ಟೆಯನ್ನು ಮೇಜಿನ ಮೇಲಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡರು. ಮುದುಕಿ ಕೈ ಚಾಚಿ, ತಡವಿ, ಡಾಕ್ಟರ ಮುಂಗೈ ಹಿಡಿದಳು.

"ಹಂಗಾದ್ರ ಇಬ್ರೂ ಕೂಡೇ ಹೋಗೂನು ಏಳ್ರಿ ಮಿರಜಕ್ಕ" ಅಂದಳು.

ಮರುದಿನ ಒಂದೇ ಕಾರಿನಲ್ಲಿ ಇಬ್ಬರೂ ಹೋದರು. ಹಿಂದಿನ ಸೀಟಿನಲ್ಲಿ ಡಾಕ್ಟರು, ಪಕ್ಕದಲ್ಲಿ ಅವರ ರೋಗಿ. ನಾನು ಖಾಲಿ ಕೋಣೆಯಲ್ಲಿ ಖಾಲಿ ಕುರ್ಚಿಯನ್ನು ನೋಡುತ್ತ ಉಳಿದೆ. ಅವಳ ಪೊರೆ ತೆಗೆದರು. ಡಾಕ್ಟರದು ಪೊರೆಯಾಗಿರಲಿಲ್ಲ, ಕಣ್ಣಿನ ಹಿಂಭಾಗದ ಪರದೆಯೇ ಸವೆದಿತ್ತು, ಅದಕ್ಕೆ ಯಾವ ಚಾಕುವೂ ಇಲ್ಲ. ಇದನ್ನು ಎಸ್ತರ್ ಬಾಯಿ ಉಪಕರಣಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತ ಹೊಸ ನರ್ಸಿಗೆ ಹೇಳುವಾಗ ಕೇಳಿಸಿಕೊಂಡೆ. ದವಾಖಾನೆಯ ಬಾಗಿಲು ಮುಚ್ಚಿತು. ನನ್ನನ್ನು ಡಾಕ್ಟರ ಮನೆಯ ನಡುಮನೆಗೆ ತಂದು ತೂಗಿದರು.

ಸ್ವಲ್ಪ ದಿನದ ಮೇಲೆ ಶಾವಂತ್ರೆವ್ವ ಬಂದಳು, ಒಬ್ಬಳೇ, ಯಾರ ಕೈಯನ್ನೂ ಹಿಡಿಯದೆ. ಡಾಕ್ಟರು ಅವಳಿಗೆ ಕುಶಲವನ್ನೂ ಕೇಳಲಿಲ್ಲ. "ಪಟ ನೋಡವ್ವಾ" ಎಂದರು.

ಅವಳು ನೋಡಿದಳು. ತಿರುಗಿ ಡಾಕ್ಟರ ಮುಖ ನೋಡಿದಳು. ಈ ಮನುಷ್ಯನ ಮನಸ್ಸು ನೋಯಿಸಬಾರದಲ್ಲ.

"ಖರೇ ಹೇಳ್ಲೇನ್ರಿ? ಕೆಟ್ಟೈತ್ರಿ."

ಡಾಕ್ಟರು ಕೂತಲ್ಲೇ ಕೈಯೆತ್ತಿ ಮುಗಿದರು. ಯಾರಿಗೆ ಮುಗಿದರೋ ತಿಳಿಯದು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಎಲ್ಲಿ ಕೆಟ್ಟೈತಿ, ಒಂದೊಂದ ಹೇಳು" ಎಂದರು.

ಶಾವಂತ್ರೆವ್ವ ನನ್ನ ಹತ್ತಿರಕ್ಕೆ ಬಂದಳು. ಹುಟ್ಟಿದಾಗಿನಿಂದ ನನ್ನ ಗೀರುಗಳನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ಕಂಡವರಿಲ್ಲ. ನೀರಿನಲ್ಲಿ ಒಂದು ಗುಲಾಬಿ ಗೀರು ಇದೆ, ಅದರ ಪಕ್ಕ ಹಸಿರು, ಯಾಕಿಟ್ಟನೋ ಗೊತ್ತಿಲ್ಲ. ದೋಣಿಯೆಂದರೆ ಎರಡೇ ಎರಡು ಕರಿ ಗೀರು. ಮರದಲ್ಲಿ ಎಲೆಯೇ ಇಲ್ಲ, ಬರೀ ಅರಿಷಿಣ ಉಜ್ಜಿದ ಹಾಗಿದೆ. ಅವಳು ದೂರುತ್ತ ಹೋದಳು. ಡಾಕ್ಟರು ಕಣ್ಣು ಮುಚ್ಚಿ, "ಹಾಂ... ಮುಂದ?" ಎನ್ನುತ್ತ ಕೇಳಿದರು. ಸಂಜೆಯವರೆಗೂ ಇದೇ ನಡೆಯಿತು.

ಅವಳು ಹೋದ ಮೇಲೆ ಅವರು ಎಸ್ತರ್ ಬಾಯಿಗೆ ಹೇಳಿದರು: "ಅವತ್ತ ನಾ ಚಾಕು ಹಿಡಿದಿದ್ರ, ಈ ಬಣ್ಣ ನನಗ ಯಾರ ಹೇಳ್ತಿದ್ರು ಸಿಸ್ಟರ್?"

ಈಗ ನನ್ನ ಗಾಜಿನೊಳಗೆ ಬೂಷ್ಟು ಹಿಡಿದಿದೆ, ಕಟ್ಟಿನ ಬಂಗಾರ ಉದುರಿದೆ. ಶಾವಂತ್ರೆವ್ವ ಸಂತೆಯ ದಿನ ಬರುತ್ತಾಳೆ, ನನ್ನ ಹುಳುಕು ಎಣಿಸಿ ಚಹಾ ಕುಡಿದು ಹೋಗುತ್ತಾಳೆ. ನನಗೆ ದಣಿವಾಗಿದೆ, ಸುಳ್ಳೇಕೆ ಹೇಳಲಿ. ಆದರೂ ಅವಳು ಬಾರದ ಸಂತೆಯ ದಿನ ಡಾಕ್ಟರು ಬಾಗಿಲ ಕಡೆ ಕಿವಿ ಇಟ್ಟು ಕೂಡುತ್ತಾರೆ, ನಾನೂ ಕಾಯುತ್ತೇನೆ.