ಎಡಗಣ್ಣಿನ ಕೆಂಪು

ಬಾಟಲಿಯ ಮುಚ್ಚಳ ಕೆಂಪಗಿದೆ, ಇಲ್ಲ, ಬಲಗಣ್ಣಿಗೆ ಮಾತ್ರ ಕೆಂಪು, ಎಡಗಣ್ಣಿಗೆ ಒಣಮಣ್ಣು — ಕಣ್ಣಿನ ಡಾಕ್ಟರಮ್ಮ ಅದನ್ನೇ ಮತ್ತೆ ಮತ್ತೆ ಹಿಡಿದು ತೋರಿಸಿದರು, ಯಾವಾಗಿಂದ ಹಿಂಗ ಕಾಣಾಕತ್ತದ್ರಿ ದ್ಯಾವಪ್ಪ, ಕುರಿ ಜಗಳ ಆದಾಗಿಂದ್ರಿ ಮೇಡಮ್ಮಾರ, ಬಾಗಿಲಲ್ಲಿ ನಿಂತಿದ್ದ ಯಾರೋ ನಕ್ಕರು, ಡಾಕ್ಟರಮ್ಮ ನಗಲಿಲ್ಲ, ಪೂರಾ ಹೇಳ್ರಿ ಅಂದರು. ಹೇಳಿದೆ, ರಂಗಂಪೇಟೆಯಾಚೆಯ ಹಳ್ಳದಲ್ಲಿ ಎರಡು ಹಿಂಡು ಕೂಡಿಯೇ ನೀರು ಕುಡಿಯುತ್ತವೆ, ನಮ್ಮ ಕುರಿಗಳ ಬೆನ್ನಿಗೆ ಕೆಂಪು ಬಣ್ಣ, ಪಕ್ಕದ ಹಟ್ಟಿಯ ಶಿವರಾಜನವಕ್ಕೆ ಕಾವಿ, ಮೊದಲಾದರೆ ಮುಖ ನೋಡಿಯೇ ಗುರುತು ಹಿಡಿಯುತ್ತಿದ್ದೆ, ಮುಖಗಳು ಮಸುಕಾದ ಮೇಲೆ ಬಣ್ಣವನ್ನು ನಂಬಿದೆ, ಬಣ್ಣವೂ ಕೈಕೊಟ್ಟಿತು, ಕೆಂಪೂ ಕಾವಿಯೂ ಒಂದೇ ಆಗಿ ಕಂಡವು, ಅವನ ಮರಿಗಳನ್ನೂ ಹೊಡಕೊಂಡು ಬಂದೆ — ಕಿಡ್ನಿ ಮಂದೀದು ಇಟಗೊಂಡೀದಿ, ಈಗ ಕುರೀನೂ ಮಂದೀವೇ ಬೇಕೇನು ಮಾವಾ, ಅಂದ ಶಿವರಾಜ, ಎಲ್ಲರೂ ನಕ್ಕರು, ನಾನೂ ನಕ್ಕೆ. ಮಂದಿಯದಲ್ಲವೋ ಶಿವರಾಜ, ನನ್ನ ಬೆನ್ನಿಗೆ ಬಿದ್ದ ತಂಗಿ ಭೀಮವ್ವನದು. ಕಡೇಚೂರಿನ ಅತ್ತಿಮನಿಯವರು ಬ್ಯಾಡ ಅಂದರೂ ಕೊಟ್ಟಳು, ಆಮೇಲೆ ಅವರು ಅವಳನ್ನು ತವರಿಗೆ ಕಳಿಸಿಲ್ಲ, ದಿನಾ ಫೋನು ಮಾತ್ರ, ಅಣ್ಣಾ, ಗುಳಗಿ ನುಂಗಿದ್ಯಾ, ನುಂಗೀನವ್ವ, ಅಷ್ಟೇ, ಆಮೇಲೆ ಹಟ್ಟಿಯಲ್ಲಿ ನಾನು, ನಾಯಿ, ಕುರಿಗಳ ಕೆಮ್ಮು.

ಕಣ್ಣಿನ ಹಿಂದಿನ ನರ ಬಾತದ್ರಿ, ತಲಿನೂ ನೋಯ್ತದ ಅಂತೀರಿ, ತಲಿಯೊಳಗ ಒತ್ತಡ ಹೆಚ್ಚಾಗ್ಯದೋ, ಸೋಂಕು ಹೊಕ್ಕದೋ, ಕಿಡ್ನಿ ಉಳಿಸೋ ಗುಳಗಿನೇ ನರಕ್ಕ ಮುಳುವಾಗ್ಯದೋ, ಕಲಬುರಗಿಯೊಳಗ ಸ್ಕ್ಯಾನ್ ಮಾಡಿ ಬೆನ್ನಾಗಿನ ನೀರು ತಗದು ನೋಡಬೇಕು, ಇವತ್ತೇ ಹೋಗ್ರಿ, ತಡ ಆದ್ರ ಹೋದ ನೋಟ ಹೊಳ್ಳಿ ಬರಂಗಿಲ್ಲ. ಗುಳಗಿ ಬಿಟ್ಟರ ಹ್ಯಾಂಗ್ರಿ. ಬಿಟ್ಟೀರಿ ಮತ್ತ, ಕಿಡ್ನಿ ಹೋಗ್ತದ, ನಿಮ್ಮ ಕಿಡ್ನಿ ಡಾಕ್ಟರ್ ಜೋಡಿ ನಾನೇ ಮಾತಾಡ್ತೀನಿ. ನಿಮ್ಮ ಜೋಡಿ ಯಾರು ಬಂದಾರ್ರಿ. ಯಾರೂ ಇಲ್ರಿ. ಯಾರನರ ಕರಸ್ರಿ, ಒಬ್ಬರೇ ಹೋಗಬ್ಯಾಡ್ರಿ — ಯಾರನ್ನು, ಯಾದಗಿರಿ ಆಸ್ಪತ್ರೆಯ ಈ ಬೆಂಚಿನ ತುಂಬ ಜೋಡಿಜೋಡಿಯಾಗಿ ಕೂತಿದ್ದಾರೆ, ನೀರು ಕುಡೀ, ಹುಷಾರು, ಮೆಟ್ಟಲದ ನೋಡು, ಕಣ್ಣಿಗೆ ಹಾಕಿದ ಹನಿಗೆ ಎಲ್ಲರೂ ಬಿಳಿಬಿಳಿಯಾಗಿ ಕರಗುತ್ತಿದ್ದಾರೆ. ಭೀಮವ್ವನನ್ನು ಕರೆದರೆ ಓಡಿ ಬಂದಾಳು, ಅತ್ತಿಮನಿಯ ಬಾಗಿಲು ಅವಳಿಗೆ ಪೂರಾ ಮುಚ್ಚೀತು, ಕರೆಯದಿದ್ದರೆ — ಮತ್ತೆ, ನೀ ಕೊಟ್ಟದ್ದನ್ನು ಕಾಯುವ ಗುಳಿಗೆಯೇ ಕಣ್ಣು ತಿನ್ನುತ್ತಿದೆಯೇನೋ ಭೀಮವ್ವ ಅಂತ ಯಾವ ಬಾಯಿಂದ ಹೇಳಲಿ. ಫೋನು ಅಲುಗುತ್ತಿದೆ, ಹೆಸರು ಕಾಣದು, ಕಾಣಬೇಕಿಲ್ಲ, ನನಗೆ ಫೋನು ಮಾಡುವವಳು ಒಬ್ಬಳೇ, ತೋಳು ಚಾಚಿ ದೂರ ಹಿಡಿದೆ, ಅವಳ ಫೋಟೊ, ಉಣ್ಣೆ ಕತ್ತರಿಸಿ ಕುರಿಗಳಿಗೆ ಬಣ್ಣ ಹಚ್ಚಿದ ದಿನದ್ದು, ಹಚ್ಚಿ ಉಳಿದ ಬಣ್ಣವನ್ನು ಹೆಬ್ಬೆರಳಿಂದ ತನ್ನ ಹಣೆಗೇ ಒತ್ತಿಕೊಂಡು, ನಾನೂ ನಿನ್ನ ಹಿಂಡಿನಾಕಿನೇ ಅಣ್ಣಾ, ತಪ್ಪಿಸಿಕೊಂಡರ ಹುಡುಕು ಅಂದಿದ್ದಳು, ಮುಖ ಕರಗಿಹೋಗಿದೆ, ಹಣೆಯ ಮೇಲಿನ ಬೊಟ್ಟು ಉಳಿದಿದೆ, ಕೆಂಪು, ಬಲಗಣ್ಣಿನ ಮೇಲೆ ಅಂಗೈ ಇಟ್ಟೆ, ಮಣ್ಣು, ತೆಗೆದೆ, ಕೆಂಪು, ಫೋನು ಇನ್ನೂ ಅಲುಗುತ್ತಲೇ ಇದೆ, ಮುಚ್ಚಿದೆ, ಮಣ್ಣು, ಅವಳ ಹಣೆಯ ಮೇಲೆ ಒಣಮಣ್ಣು —