ಐದನೆಯ ಪುಟ

"ಕೂಲಿ ಕೊಡೋದು ನಿನ್ನ ಕೈಗೆ ಕಣೇ, ಕಣ್ಣಿಗಲ್ಲ! ಪುಟ ಓದೋಕೆ ನೀನ್ಯಾವ ಮಹಾರಾಣಿ? ಮಡಚು, ಪಿನ್ ಹೊಡಿ. ಆಮೇಲೆ ಆ ಹಾಳು ಬಾಯಿಗೂ ಒಂದು ಹೊಡ್ಕೋ!"

ಪ್ರೆಸ್ಸಿನ ಯಜಮಾನ ಹೀಗೆ ಹಾರಾಡಿದ್ದು ದಬ್ಬಳದ ಮೇಲೆ. ಮಾತು ಚುಚ್ಚುತ್ತದೆಂದು ಜೊತೆಯ ಹೆಂಗಸರು ಅವಳಿಗಿಟ್ಟ ಹೆಸರು ಅದು. ಅವಳು ಹೇಳಿದ್ದಾದರೂ ಏನು? "ಯಜಮಾನ್ರೇ, ಎರಡನೇ ಪುಟ ಆದ್ಮೇಲೆ ಐದು ಬರ್ತಿದೆ." ಅಷ್ಟೇ.

ಯಜಮಾನನಿಗೆ ಅರವತ್ತು ತುಂಬುತ್ತಿತ್ತು. ತನ್ನ ಜೀವನಚರಿತ್ರೆಯನ್ನು ತಾನೇ ಬರೆದು, ಹದಿನಾರು ಪುಟದ ಪುಸ್ತಿಕೆಯಾಗಿ ಅಚ್ಚು ಹಾಕಿಸಿದ್ದ. ಮರುದಿನ ಸಭೆಯಲ್ಲಿ ಹಂಚಬೇಕಿತ್ತು. ಯಾವ ಹಾಳೆಯೊಳಗೆ ಯಾವುದು ಕೂರಬೇಕೆಂದು ಅಳಿಯ ಜೋಡಿಸಿ ತೋರಿಸಿದ್ದ. ಅಳಿಯ ತಪ್ಪುವುದುಂಟೆ?

ಮೇಜಿನ ಆ ತುದಿಯಲ್ಲಿ ದಬ್ಬಳದ ಅತ್ತಿಗೆ "ಅಯ್ಯೋ" ಎಂದಳು. ಏಳು ತಿಂಗಳ ಬಸುರಿ, ಬೆಳಗಿನಿಂದ ನಿಂತೇ ಇದ್ದಳು. ಕಣ್ಣು ಕತ್ತಲಿಟ್ಟು, ಪಿನ್ ಹೆಬ್ಬೆರಳಿಗೇ ಇಳಿದಿತ್ತು. ಯಜಮಾನ ಓಡಿ ಬಂದ.

"ಥೂ ಮುಂಡೇದೇ! ನನ್ನ ಮುಖದ ಮೇಲೇ ರಕ್ತ ಸುರಿಸಿದೀಯಲ್ಲೇ!"

ಮುಖಪುಟದ ತನ್ನ ಫೋಟೋವನ್ನು ಕರವಸ್ತ್ರದಿಂದ ಒರೆಸುತ್ತ ಹೊರಟುಹೋದ.

ಅತ್ತಿಗೆಯ ಬೆರಳಿಗೆ ಬಟ್ಟೆ ಸುತ್ತಿದ ದಬ್ಬಳ, ಎರಡನೆಯ ಪುಟದ ಕೊನೆಯ ಸಾಲಿಗೆ ಐದನೆಯದರ ಮೊದಲ ಸಾಲು ಸೇರಿಸಿ ಮೆಲ್ಲಗೆ ಓದಿದಳು. ನೋವಿನಲ್ಲೂ ಅತ್ತಿಗೆ ಕಿಸಕ್ಕನೆ ನಕ್ಕಳು. ಉಳಿದವರೂ ಬಗ್ಗಿ ನೋಡಿದರು.

"ಸರಿ ಮಾಡೋಣ್ವೇನೇ?" ಹಿರಿಯವಳು ಕೇಳಿದಳು.

"ಯಾಕಕ್ಕಾ? ಕಣ್ಣಿಗೆ ಕೂಲಿ ಇಲ್ವಂತಲ್ಲ."

"ಗೊತ್ತಾದ್ರೆ ಓಡಿಸ್ತಾನೆ."

"ಓಡಿಸ್ಲಿ. ಹೇಳ್ದೆ ತಾನೇ? ಕಿವಿಗೆ ಹಾಕ್ಕೊಂಡ್ನಾ ಮೂದೇವಿ?"

ಸಂಜೆಯೊಳಗೆ ಐನೂರು ಪ್ರತಿಗಳು ಮುಗಿದವು. ಬೆನ್ನಿಗೆ ಎರಡೆರಡು ಪಿನ್, ಒಂದೂ ಸೊಟ್ಟಗಿಲ್ಲ.

ಸಭೆಯಲ್ಲಿ ಪ್ರೆಸ್ಸಿನ ಹೆಂಗಸರಿಗೆ ಹಿಂದಿನ ಗೋಡೆಯೇ ಗತಿ. ಯಜಮಾನ ಕನ್ನಡಕ ಏರಿಸಿ ಓದುತ್ತ ಹೋದ. ಎರಡನೆಯ ಪುಟದ ತಳಕ್ಕೆ ಬರುವಾಗ ಕರವಸ್ತ್ರ ತೆಗೆದ.

"ನನ್ನ ಕೆಲಸಗಾರರು ನನ್ನ ಪಾಲಿಗೆ..." ಕಣ್ಣೊರೆಸಿಕೊಂಡು ಎದುರು ಪುಟಕ್ಕೆ ಹಾರಿದ. ಭರದಲ್ಲಿದ್ದ ಬಾಯಿ ನಿಲ್ಲಲಿಲ್ಲ. "...ಹತ್ತು ವರ್ಷ ಕಾಡಿದ ಮೂಲವ್ಯಾಧಿ. ಕುಳಿತರೂ ಕಾಟ, ನಿಂತರೂ ಕಾಟ. ಕೊನೆಗೆ ಕೊಯ್ಯಿಸಿಯೇ ಬಿಟ್ಟೆ."

ಪುಸ್ತಿಕೆ ಹಿಡಿದು ಕುಳಿತ ಸಭೆ ಗೊಳ್ಳೆಂದಿತು. ಅಳಿಯ ಕುರ್ಚಿಯಡಿ ಚಪ್ಪಲಿ ಹುಡುಕತೊಡಗಿದ. ಯಜಮಾನನ ಕೆಂಡದಂಥ ಕಣ್ಣು ಗೋಡೆಯ ಕಡೆ ತಿರುಗಿತು. ಅತ್ತಿಗೆ ತಲೆ ತಗ್ಗಿಸಲಿಲ್ಲ. ದಬ್ಬಳ ಒಂದು ಹೆಜ್ಜೆ ಮುಂದೆ ಬಂದಳು.

"ಜೋರಾಗಿ ಓದಿ ಯಜಮಾನ್ರೇ, ಹಿಂದಿದ್ದೋರಿಗೆ ಕೇಳಿಸ್ಲಿಲ್ಲ!"